ಗಜ ಯಾರ ಕೈಯಲ್ಲಿತ್ತು

ಸೊಲ್ಲಾಪುರದ ನವಿ ಪೇಠದಲ್ಲಿ ಸಾತಲಿಂಗಪ್ಪನ ಹೆಸರು ತೆಗೆದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ‘ಪಾಪ, ಮನುಷ್ಯ ಒಳ್ಳೆಯವ’ ಅನ್ನುತ್ತಿದ್ದರು. ಈ ‘ಪಾಪ’ ಎಂಬ ಮಾತು ಒಬ್ಬನಿಗೆ ಒಮ್ಮೆ ಅಂಟಿಕೊಂಡರೆ ಏನು ತಿಕ್ಕಿದರೂ ಹೋಗುವುದಿಲ್ಲ. ಜವಳಿ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಮೂವತ್ತೈದರ ವಯಸ್ಸಿಗೆ ಒಂದು ದವಾಖಾನೆಯ ಹಿಂದಿನ ಎರಡು ಖೋಲಿಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತ ನಿಂತವನನ್ನು ಪೇಠೆಯವರು ಇನ್ನೇನು ಅಂದಾರು? ಅಂಗಡಿ ನಡೆಸುವಷ್ಟು ಬುದ್ಧಿ ಅವನಿಗಿಲ್ಲ ಎಂದು ತೀರ್ಮಾನವಾಗಿತ್ತು. ಬುದ್ಧಿ ಬೇಕಾದಷ್ಟಿತ್ತು. ಅದು ಗಲ್ಲಾದ ಕಡೆ ತಿರುಗುತ್ತಿರಲಿಲ್ಲ, ಅಷ್ಟೇ.

ಗಿರಾಕಿ ಸೀರೆಯ ದರ ಕೇಳಿದರೆ ಸಾತಲಿಂಗಪ್ಪ ಅದರ ಬಣ್ಣದ ಕತೆ ಹೇಳುತ್ತಿದ್ದ. ಕೆಂಪು ನೀರಿಗೆ ಬಿಡುತ್ತದೆ, ಅಂಚಿನ ಹಸಿರು ಬಿಡುವುದಿಲ್ಲ, ಯಾಕಿರಬಹುದು ಎಂದು ಗಿರಾಕಿಯನ್ನೇ ತಿರುಗಿ ಕೇಳುತ್ತಿದ್ದ. ಬಣ್ಣ ಬಿಡುವ ಸೀರೆ ಯಾರು ಕೊಂಡಾರು? ಅಣ್ಣ ಮಲಕಾಜಪ್ಪ ಅಂಗಡಿಯ ಯಜಮಾನ, ಇವನಿಗಿಂತ ಹದಿನೈದು ವರ್ಷ ದೊಡ್ಡವ. ಹಲ್ಲು ಕಚ್ಚಿ ಹತ್ತು ವರ್ಷ ಸಹಿಸಿದ. ಕೊನೆಗೆ ಸಹಿಸಲಾಗದ್ದು ನಡೆದದ್ದು ಗಜದ ವಿಷಯದಲ್ಲಿ.

ಸರ್ಕಾರ ಮೀಟರು ತಂದು ಎಷ್ಟೋ ವರ್ಷವಾಗಿದ್ದರೂ ಬಟ್ಟೆ ಅಳೆಯುವ ಕಬ್ಬಿಣದ ಕೋಲಿಗೆ ಪೇಠೆಯ ಆ ಜವಳಿ ಅಂಗಡಿಗಳ ಸಾಲಿನಲ್ಲಿ ಗಜ ಎಂದೇ ಹೆಸರು. ಅದಕ್ಕೆ ಅಳತೆಯ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಕೈಚಳಕದ ಗಿರಾಕಿ ಯಾರಾದರೂ ಅಂಗಡಿ ಹೊಕ್ಕರೆ ಬಾಯಿ ಬಿಟ್ಟು ಕಳ್ಳ ಅನ್ನುವಂತಿಲ್ಲ. ಸಂಶಯ ಸುಳ್ಳಾದರೆ ಮರ್ಯಾದಸ್ಥರಿಗೆ ಅವಮಾನ, ಅಂಗಡಿಗೆ ಕೆಟ್ಟ ಹೆಸರು. ಅದಕ್ಕೇ ಹಲಗೆಯ ಮೇಲೆ ಗಜದಿಂದ ಮೂರು ಸಲ ಬಡಿಯುವುದು ರಿವಾಜು. ಪಕ್ಕದ ಅಂಗಡಿಯವನು ಕೇಳಿಸಿಕೊಂಡು ತಾನೂ ಮೂರು ಸಲ ಬಡಿಯುತ್ತಿದ್ದ, ಅವನ ಪಕ್ಕದವನು ಅವನದನ್ನು ಕೇಳಿ ಬಡಿಯುತ್ತಿದ್ದ. ಕಪ್ಪಿನ ಚಹಾ ಆರುವುದರೊಳಗೆ ಸಾಲಿನ ಕೊನೆಯವನೂ ಹರವಿದ ಸೀರೆಗಳನ್ನು ಮಡಚಿ ಒಳಗಿಟ್ಟಿರುತ್ತಿದ್ದ. ಮೊದಲು ಹೊಕ್ಕ ಅಂಗಡಿಯದು ಒಂದೆರಡು ಹೋದರೂ ಸಾಲು ಉಳಿಯುತ್ತಿತ್ತು.

ಎಪ್ಪತ್ತನೆಯ ಇಸವಿಯಲ್ಲಿ ಒಂದು ದಿನ ಮಲಕಾಜಪ್ಪ ಊಟಕ್ಕೆ ಹೋಗಿದ್ದಾಗ ಚಿನ್ನದ ಬಣ್ಣದ ಚಷ್ಮಾದವನೊಬ್ಬ ಹೆಣ್ಣುಮಗಳೊಬ್ಬಳ ಸಂಗಡ ಬಂದ. ಸೀರೆ ನೋಡುವುದಕ್ಕೂ ಮೊದಲೇ “ನಿಮ್ಮ ಗಜ ಬರೋಬರ್ ಇಲ್ಲ ಅನಸತೈತಿ, ಕೊಡ್ರಿ ನೋಡೂಣು” ಅಂದ. ಸಾತಲಿಂಗಪ್ಪ ಕೊಟ್ಟ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಬೇಸಿಗೆಯ ಗಜಕ್ಕೂ ಚಳಿಗಾಲದ ಗಜಕ್ಕೂ ಕೂದಲೆಳೆಯ ಫರಕು ಬರುತ್ತದೆ ಎಂದು ಆ ಮನುಷ್ಯ ಶುರು ಮಾಡಿದ. ಇಂಥ ಮಾತಿಗೆ ಸಾತಲಿಂಗಪ್ಪ ಜೀವ ಬಿಡುವವನು. ಮಾತು ಮುಗಿಯುವ ಹೊತ್ತಿಗೆ ಅವನ ಅಂಗಡಿಯಿಂದ ಮೂರು ಸೀರೆ ಮಾಯವಾಗಿದ್ದವು. ಗಜ ಬಡಿಯಲಿಲ್ಲವಾದ್ದರಿಂದ ಸಾಲು ಎಚ್ಚೆತ್ತಿರಲಿಲ್ಲ. ಅದೇ ಜೋಡಿ ಎರಡು ಅಂಗಡಿ ದಾಟಿ ಧರೆಪ್ಪನ ಅಂಗಡಿಗೆ ಹೋಗಿ ಹನ್ನೊಂದು ಸೀರೆ ಹೊಡೆಯಿತು. ‘ಮೂರ್ಖ, ಮಾತಿಗೆ ಮರುಳಾದ, ಏನೂ ನೋಡಲಿಲ್ಲ’ ಎಂದು ಮನೆಯವರು ಅಂದರು. ಸಾತಲಿಂಗಪ್ಪ ಹೌದೆಂದು ತಲೆಯಾಡಿಸಿದ. ಅಂದಿನಿಂದ ಅವನು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಣ್ಣತಮ್ಮ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಮಾತು ಮಾತ್ರ ಉಪ್ಪು ಕೇಳುವಷ್ಟಕ್ಕೆ ನಿಂತಿತು.

ನಾಲ್ಕು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ ಅವನಿಗೆ ಲ್ಯಾಬಿನ ಕೆಲಸ ಸಿಕ್ಕಿತು. ಲ್ಯಾಬು ನೀಲಾಬಾಯಿ ಡಾಕ್ಟರರದು. ಅಕ್ಕಲಕೋಟೆ ತಾಲೂಕಿನ ದೊಡ್ಡ ಹೊಲಮನೆಯ ಮಗಳು, ಮುಂಬಯಿಯಲ್ಲಿ ವೈರಸ್ಸಿನ ಕೆಲಸ ಕಲಿತು ಬಂದವರು, ನಗುವುದು ಅಪರೂಪ. ಎಲ್ಲರೂ ಗೌರವಕ್ಕೆ ‘ಬಾಯಾರ’ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಸಾತಲಿಂಗಪ್ಪ ಬಾಯಿ ತಡೆಯಲಾರದೆ ಕೇಳಿಬಿಟ್ಟ:

“ಬಾಯಾರ, ಫ್ಲೂ ಹೊಕ್ಕ ದಿನಾನ ಮೈಗೆ ಯಾಕ ಗೊತ್ತಾಗಂಗಿಲ್ರಿ? ಜ್ವರ ಬರಾಕ ಎರಡು ದಿನ ಯಾಕ ಬೇಕು? ಅಷ್ಟರೊಳಗ ಮನಿಮಂದಿಗೆಲ್ಲ ಹತ್ತಿ ಹೋಗಿರತೈತಲ್ರಿ.”

“ಪ್ರಶ್ನಿ ಛಲೋ ಐತಿ. ಉತ್ತರ ನನ್ನ ಹತ್ರ ಪೂರಾ ಇಲ್ಲ,” ಅಂದರು ಬಾಯಾರು.

ಪ್ರಶ್ನೆ ಚೆನ್ನಾಗಿದೆ ಎಂದು ಅವನಿಗೆ ಹುಟ್ಟಿದಾರಭ್ಯ ಯಾರೂ ಅಂದಿರಲಿಲ್ಲ. ಆ ದಿನದಿಂದ ಆ ಎರಡು ಖೋಲಿ ಬಿಟ್ಟರೆ ತನಗೆ ಜಗತ್ತಿನಲ್ಲಿ ಬೇರೆ ಜಾಗವಿಲ್ಲ ಎಂದು ಅವನಿಗೆ ಅನಿಸಿತು. ನಿಜವಾಗಿಯೂ ಇರಲಿಲ್ಲ. ಅವನ ನೌಕರಿ ಕಾಯಂ ಅಲ್ಲ. ಕಾಯಂ ಮಾಡಿರೆಂಬ ಶಿಫಾರಸಿನ ಕಾಗದ ೧೯೭೮ರ ಹೊಸವರ್ಷಕ್ಕೆ ಬಾಯಾರ ಮೇಜಿನ ಖಾನೆಯಲ್ಲಿ ಸಹಿಗೆ ಕಾದಿತ್ತು.

ಒಂದು ಸಂಗತಿಯನ್ನು ಮಾತ್ರ ಅವನು ಮನೆಯಲ್ಲಿ ಹೇಳಿರಲಿಲ್ಲ. ಫ್ಲೂ ವೈರಸ್ಸನ್ನು ಬೆಳೆಸುವುದು ಕೋಳಿಯ ತತ್ತಿಯಲ್ಲಿ. ಅವನ ತಾಯಿ ಗಂಗುಬಾಯಿ ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವಳು, ತತ್ತಿಯನ್ನು ಹೆಸರಿಟ್ಟು ಕರೆಯದೆ ‘ಅದು’ ಅನ್ನುವವಳು. ‘ಬಾಟಲಿ ಕೆಲಸ’ ಎಂದು ಮಗ ಹೇಳಿದ್ದನ್ನು ನಂಬಿದ್ದಳು. ಅವನು ಹಿತ್ತಲಲ್ಲಿ ಸ್ನಾನ ಮಾಡದೆ ಒಳಗೆ ಬರುತ್ತಿರಲಿಲ್ಲ. ಆ ‘ಅದು’ವಿನಲ್ಲಿ ಅವನಿಗೆ ಎಂಥ ಮೋಹ ಹುಟ್ಟಿತ್ತೆಂದು ತಾಯಿಗೆ ಹೇಗೆ ಹೇಳಿಯಾನು? ಕಾವು ಕೊಟ್ಟು ಹತ್ತು ದಿನವಾದ ತತ್ತಿಯನ್ನು ಕತ್ತಲಲ್ಲಿ ದೀಪಕ್ಕೆ ಹಿಡಿದರೆ ಒಳಗೆ ಕೆಂಪು ನರಗಳು ಕವಲೊಡೆದಿರುತ್ತವೆ, ನಡುವೆ ಕರಿಯ ಚುಕ್ಕೆಯೊಂದು ಮಿಸುಕುತ್ತದೆ. ಅದನ್ನು ನೋಡುತ್ತ ಅವನು ಎಷ್ಟೋ ಸಲ ಮಾತು ಮರೆತು ನಿಂತಿದ್ದ.

ತತ್ತಿಗೆ ಸೂಜಿಯಿಂದ ಸಣ್ಣ ತೂತು ಕೊರೆದು, ವೈರಸ್ಸಿನ ನೀರನ್ನು ಹನಿಯಷ್ಟು ಒಳಗೆ ಬಿಟ್ಟು, ಮೇಣ ಹಚ್ಚಿ, ಕಾವಿನ ಪೆಟ್ಟಿಗೆಯಲ್ಲಿಡಬೇಕು. ಎರಡು ದಿನಕ್ಕೆ ಒಳಗಿನ ನೀರನ್ನು ನಾಲ್ಕು ಹನಿ ಎಳೆದು ಕೋಳಿಯ ರಕ್ತದ ಜೊತೆ ನಳಿಕೆಯಲ್ಲಿ ಬೆರೆಸಬೇಕು. ವೈರಸ್ ಬೆಳೆದಿದ್ದರೆ ರಕ್ತದ ಕಣಗಳು ಒಂದನ್ನೊಂದು ಹಿಡಿದು ತಳದ ತುಂಬ ತೆಳ್ಳಗೆ ಹಾಸಿಕೊಳ್ಳುತ್ತವೆ. ಬೆಳೆಯದಿದ್ದರೆ ನಡುವೆ ಬಂದು ಅಂಗಿಯ ಕೆಂಪು ಗುಂಡಿಯಂತೆ ಕೂಡುತ್ತವೆ. ಹಾಸು ಬಿದ್ದ ತತ್ತಿ ಫ್ರಿಜ್ಜಿಗೆ ಹೋಗುತ್ತದೆ, ಒಳಗಿನ ಜೀವ ಅಲ್ಲಿಗೆ ಮುಗಿಯುತ್ತದೆ. ಗುಂಡಿ ಬಿದ್ದದ್ದು ಪಾರಾಗಿ ಪೆಟ್ಟಿಗೆಗೆ ಮರಳುತ್ತದೆ. ಈ ಕೊನೆಯ ಮಾತನ್ನು ನೆನಪಿಡಬೇಕು, ಸಾತಲಿಂಗಪ್ಪ ಅದನ್ನು ಚೆನ್ನಾಗಿ ನೆನಪಿಟ್ಟಿದ್ದ.

ಆ ಚಳಿಗಾಲ ಹಳ್ಳಿಗಳಲ್ಲಿ ಶಾಲೆಗೆ ಶಾಲೆಯೇ ಕೆಮ್ಮುತ್ತಿತ್ತು. ಕಂದಲಗಾಂವದ ಮಕ್ಕಳ ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತಂದದ್ದರಲ್ಲಿ ಬಾಯಾರಿಗೆ ಒಂದು ಶೀಶೆ ಒಳ್ಳೆಯ ವೈರಸ್ ಸಿಕ್ಕಿತ್ತು. ಎಳ್ಳಮಾಸಿಯ ದಿನ ಅವರು ಮತ್ತೊಂದು ಹಳ್ಳಿಗೆ ಹೊರಟವರು ಸಾತಲಿಂಗಪ್ಪನಿಗೆ, “ಹನ್ನೆರಡು ತತ್ತಿಗೆ ಹಾಕಿಡು. ಉಳಿದದ್ದು ಬರ್ಫದೊಳಗ ಇರಲಿ,” ಎಂದು ಹೇಳಿ ಹೋದರು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಆ ಸೀಮೆಯಲ್ಲಿ ಬೆಳೆದು ನಿಂತ ಜೋಳಕ್ಕೆ ಉಣಿಸುವ ದಿನ. ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಊರೆಲ್ಲ ಹೊಲಕ್ಕೆ ಹೋಗುತ್ತದೆ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಆಮೇಲೆ ತಾನು ಉಣ್ಣುತ್ತದೆ. ಗಂಗುಬಾಯಿ ಬುತ್ತಿ ಕಟ್ಟುತ್ತ, ಕೆಲಸಕ್ಕೆ ಹೊರಟ ಮಗನಿಗೆ ಹೇಳಿದಳು: “ಇವತ್ತ ಒಂದು ಹುಳಕ್ಕೂ ನೋವು ಮಾಡಬ್ಯಾಡ ನೋಡಪಾ. ಬಸುರಿ ಭೂಮಿಗೆ ಬಯಕಿ ಊಟದ ದಿನ.”

ಖಾಲಿ ಲ್ಯಾಬಿನಲ್ಲಿ ಹನ್ನೆರಡು ತತ್ತಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದಾಗ ತಾಯಿಯ ಮಾತು ಅವನ ಕಿವಿಯಲ್ಲೇ ಇತ್ತು. ಹನ್ನೆರಡೂ ಮಿಸುಕುತ್ತಿದ್ದವು. ವೈರಸ್ ಬೆಳೆಯದಿದ್ದರೆ ಇವು ಪಾರು. ರಕ್ತದ ತಿಳಿಯನ್ನು ಕಾಯಿಸುವ ಬಿಸಿನೀರಿನ ತೊಟ್ಟಿ ಮೂಲೆಯಲ್ಲಿತ್ತು. ಅವನು ಬೇಕಾದಷ್ಟೇ ವೈರಸ್ಸನ್ನು ಸಣ್ಣ ಶೀಶೆಗೆ ಬಗ್ಗಿಸಿ, ಒಂದು ತಾಸು ಆ ನೀರಲ್ಲಿ ಕಾಯಿಸಿ, ಸತ್ತ ಆ ನೀರನ್ನು ತತ್ತಿಗಳಿಗೆ ಹಾಕಿ ಮೇಣ ಹಚ್ಚಿದ. ಅಮಾವಾಸ್ಯೆ ಕಳೆದ ಮೇಲೆ ಬಾಯಾರು ಮತ್ತೆ ಬೇರೆ ತತ್ತಿಗೆ ಹಾಕಿಕೊಂಡರಾಯಿತು, ಯಾರಿಗೇನು ನಷ್ಟ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಂಥ ತಪ್ಪನ್ನು ಆ ಮನೆಯಲ್ಲಿ ಹುಟ್ಟಿದವನು ಬಿಟ್ಟು ಇನ್ನಾರೂ ಮಾಡಲಾರರು.

ಎರಡು ದಿನಕ್ಕೆ ನಳಿಕೆಗಳಲ್ಲಿ ಹನ್ನೆರಡು ಗುಂಡಿ. ಬಾಯಾರು ಹುಬ್ಬು ಗಂಟಿಕ್ಕಿದರು. ಮಂಜುಗಡ್ಡೆಯಲ್ಲಿದ್ದ ಶೀಶೆಯನ್ನು ತೆಗೆದು, ತತ್ತಿಗೆ ತತ್ವಾರವಾಗಿದ್ದರಿಂದ ಅವೇ ಹನ್ನೆರಡಕ್ಕೆ ಈ ಸಲ ತಾವೇ ಸ್ವತಃ ಜೀವಂತ ವೈರಸ್ ಹಾಕಿದರು. ಬೇರೆ ಊರಿನಿಂದ ಬಂದು, ಅಂದಿಗೆ ಹತ್ತು ದಿನದ ಕಾವು ಮುಗಿಸಿದ್ದ ಆರು ಹೊಸ ತತ್ತಿಗಳಿಗೂ ಹಾಕಿದರು. ಸಾತಲಿಂಗಪ್ಪ ಮೇಣ ಕಾಯಿಸಿಕೊಟ್ಟ. ಈಗ ಇವು ಉಳಿಯುವುದಿಲ್ಲ ಅಂದುಕೊಂಡ.

ಮತ್ತೆರಡು ದಿನ ಕಳೆಯಿತು. ಹೊಸ ಆರರಲ್ಲಿಯೂ ದಟ್ಟವಾದ ಹಾಸು. ಹಳೆಯ ಹನ್ನೆರಡರಲ್ಲಿ ಮತ್ತೆ ಹನ್ನೆರಡು ಗುಂಡಿ.

ಬಾಯಾರು ಮೂರು ಸಲ ನೋಡಿದರು. ಅದೇ ಶೀಶೆ, ಅದೇ ಸೂಜಿ, ಅದೇ ಕೈ. ಆರು ತತ್ತಿ ಮಣಿದವು, ಹನ್ನೆರಡು ಜಪ್ಪಯ್ಯ ಅಂದರೂ ಮಣಿಯಲಿಲ್ಲ. ಅವರು ಊಟ ಬಿಟ್ಟು ಯೋಚಿಸಿದರು, ಮೇಣ ಬದಲಿಸಿದರು, ಪೆಟ್ಟಿಗೆಯ ಕಾವು ಅಳೆದರು. ಅವರಿಗಿಂತ ಹೆಚ್ಚು ಚಡಪಡಿಸಿದವನು ಸಾತಲಿಂಗಪ್ಪ. ಬಾಯಾರಿಗೆ ತಿಳಿಯದ ಒಂದು ಸಂಗತಿ ಅವನಿಗೆ ತಿಳಿದಿತ್ತು, ಅದು ತಿಳಿದದ್ದರಿಂದಲೇ ಅವನ ಪ್ರಶ್ನೆ ಇನ್ನೂ ದೊಡ್ಡದಾಗಿತ್ತು. ಸತ್ತ ವೈರಸ್ ಒಳಗೆ ಹೋಗಿ ಏನು ಮಾಡಿತು? ಜೀವಂತ ವೈರಸ್ಸಿಗೆ ಬಾಗಿಲು ಹಾಕುವಂಥದ್ದು ಏನನ್ನು ಹೇಳಿತು, ಯಾರಿಗೆ ಹೇಳಿತು? ರೊಟ್ಟಿ ಮುರಿಯುತ್ತ ಇದೇ, ಬಸ್ಸಿನಲ್ಲಿ ನಿಂತರೂ ಇದೇ. ಕೇಳಬೇಕೆಂದರೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಖಾನೆಯಲ್ಲಿದ್ದ ಕಾಗದಕ್ಕೆ ಸಹಿ ಬೀಳುವುದಿಲ್ಲ, ಬಹುಶಃ ಆ ಖೋಲಿಗಳ ಬಾಗಿಲೇ ಮುಚ್ಚುತ್ತದೆ. ಹನ್ನೆರಡು ತತ್ತಿಗಳನ್ನೂ ಪರೀಕ್ಷೆಗೆಂದು ಒಡೆಯುತ್ತಾರೆ. ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತದೆ, ಉತ್ತರವೊಂದನ್ನು ಬಿಟ್ಟು.

ಹೀಗೆ ಮೂರು ದಿನ. ಕೊನೆಗೆ ಬಾಯಾರು ಒಂದು ಪತ್ರ ಬರೆದು, ಟಪಾಲಿಗೆ ಹಾಕೆಂದು ಅವನ ಕೈಗೆ ಕೊಟ್ಟರು. ಪತ್ರ ಆ ಹನ್ನೆರಡನ್ನು ತಂದುಕೊಟ್ಟಿದ್ದ ಭಂಡಾರಕವಠೆಯ ಅಮೋಗಸಿದ್ಧನಿಗೆ. ತತ್ತಿಗಳನ್ನು ಹುಲ್ಲಿನ ಬುಟ್ಟಿಯಲ್ಲಿ ಮಲಗಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುವ ಮನುಷ್ಯ. ನಿನ್ನ ಕೋಳಿಗಳಿಗೆ ಮೊದಲೇ ಯಾವುದೋ ರೋಗ ಬಂದು ಹೋಗಿರಬೇಕು, ತತ್ತಿಯಲ್ಲಿ ದೋಷವಿದೆ, ಇನ್ನು ಮುಂದೆ ತರಬೇಡ ಎಂದು ಬರೆದಿತ್ತು.

ಸಾತಲಿಂಗಪ್ಪ ಬಾಗಿಲವರೆಗೆ ಹೋದ. ಹೋದವನು ಅಲ್ಲೇ ನಿಂತ. ಧರೆಪ್ಪನ ಹನ್ನೊಂದು ಸೀರೆ ಅವನಿಗೆ ನೆನಪಾದವು. ತಿರುಗಿ ಬಂದು ಪತ್ರವನ್ನು ಮೇಜಿನ ಮೇಲಿಟ್ಟ.

“ಬಾಯಾರ, ಇದನ್ನ ಕಳಸಬ್ಯಾಡ್ರಿ.”

“ಯಾಕ?”

“ತತ್ತಿದು ತಪ್ಪಿಲ್ರಿ. ತಪ್ಪು ನಂದು. ಎಳ್ಳಮಾಸಿ ದಿನ ಶೀಶೆ ಕಾಸಿ ಹಾಕೀನ್ರಿ.”

ಬಾಯಾರು ಚಷ್ಮಾ ತೆಗೆದರು. ಅವನು ಎಲ್ಲವನ್ನೂ ಹೇಳಿದ. ತಾಯಿಯ ಮಾತು, ಮಿಸುಕುವ ಚುಕ್ಕೆಗಳು, ಬಿಸಿನೀರಿನ ತೊಟ್ಟಿ. ಅವರ ಮುಖ ಕೆಂಪಾಯಿತು.

“ನಾಲ್ಕು ವರ್ಷ ಕಲಿಸೀನಿ ನಿನಗ. ಶೀಶೆ ಮ್ಯಾಲ ಏನ ಬರದೀವಿ, ಒಳಗ ಅದ ಇರಬೇಕು. ಅಷ್ಟೂ ಇಲ್ಲಂದ್ರ ಈ ಖೋಲಿ ಯಾತಕ್ಕ ಬೇಕು? ನಾ ಒಬ್ಬ ಬಡವನ ಹೊಟ್ಟಿ ಮ್ಯಾಲ ಹೊಡದಿರ್ತಿದ್ದೆ.”

“ಹೌದ್ರಿ.”

ಪತ್ರವನ್ನು ಅವರು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಬಾಯಾರು ಬೇರೆಯೇ ದನಿಯಲ್ಲಿ ಕೇಳಿದರು: “ಎಷ್ಟ ಹೊತ್ತು ಕಾಸಿದಿ?”

“ಬರೋಬರ್ ಒಂದು ತಾಸ್ರಿ.”

“ಐವತ್ತಾರು ಡಿಗ್ರಿಗೆ?”

“ತೊಟ್ಟಿ ಅಷ್ಟಕ್ಕ ಇರತೈತಲ್ರಿ.”

ಬಾಯಾರು ಎದ್ದು ಪೆಟ್ಟಿಗೆಯ ಗಾಜಿನೊಳಗಿಂದ ಆ ಹನ್ನೆರಡನ್ನು ನೋಡಿದರು. ಸಿಟ್ಟಿನ ಜಾಗಕ್ಕೆ ಅವರ ಕಣ್ಣಲ್ಲಿ ಬಂದದ್ದನ್ನು ಸಾತಲಿಂಗಪ್ಪ ಗುರುತು ಹಿಡಿದ. ಅದು ಅವನದೇ ರೋಗ.

“ಕೂಡು,” ಅಂದರು. “ಇಪ್ಪತ್ತು ವರ್ಷದ ಹಿಂದ ವಿಲಾಯತಿಯೊಳಗ ಇಬ್ಬರು ಇದನ್ನ ನೋಡ್ಯಾರ. ನಮ್ಮ ಮೈಯಾಗ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಜೀವಕೋಶ ಇರತಾವು, ಖೋಲಿಗೆ ಖೋಲಿ ಹಚ್ಚಿಧಾಂಗ. ಒಂದು ಖೋಲಿಯೊಳಗ ವೈರಸ್ ಹೊಕ್ತು ಅಂದ್ರ ಆ ಖೋಲಿ ತಾ ಸಾಯೂ ಮೊದಲ ಒಂದು ಪದಾರ್ಥ ಹೊರಗ ಬಿಡತೈತಿ. ಬಾಜೂದ ಖೋಲಿಗೋಳು ಅದನ್ನ ತಿಳಕೊಂಡು ಬಾಗಿಲಾ ಹಾಕ್ಕೊಂತಾವು. ಆ ಪದಾರ್ಥಕ್ಕ ಇಂಟರ್ಫೆರಾನ್ ಅಂತಾರ. ನೀ ಹಾಕಿದ್ದ ಸತ್ತ ವೈರಸ್ ನೋಡೇ ಇವು ಕೂಗಿರಬೇಕು. ಅದಕ್ಕ ನಾ ಆಮ್ಯಾಲ ಹಾಕಿದ್ದು ಒಳಗ ಬೇರೂರಲಿಲ್ಲ.”

ಸಾತಲಿಂಗಪ್ಪ ಕೂತವನು ಎದ್ದು ನಿಂತ. “ಹಂಗಾದ್ರ ಬಾಯಾರ, ಆ ಆರು ತತ್ತಿಯೊಳಗ ಜೀವಂತ ಇದ್ದದ್ದು ಹೊಕ್ಕಾಗ ಅವು ಯಾಕ ಕೂಗಲಿಲ್ರಿ? ಸತ್ತ ಕಳ್ಳನ್ನ ಕಂಡು ಊರು ಎದ್ದೇಳತೈತಿ, ಜೀವಂತ ಕಳ್ಳ ಬಂದ್ರ ಮಲಗಿರತೈತಿ ಅಂದ್ರ ಹೆಂಗ್ರಿ?”

“ಅದ ನೋಡು. ಕೂಗತಾವು, ಸಣ್ಣ ದನಿಯೊಳಗ, ತಡಾ ಆಗಿ. ಅಷ್ಟರೊಳಗ ಅದು ಹತ್ತು ಮನಿ ದಾಟಿರತೈತಿ. ಜೀವಂತ ಇದ್ದಾಗ ಅದು ಒಳಗ ಏನೋ ಮಾಡಿ ಆ ಕೂಗು ಅಡಗಸತೈತಿ. ಏನ ಮಾಡತೈತಿ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ.”

“ಗಜ ಇಸಕೊಂತೈತ್ರಿ,” ಅಂದ ಸಾತಲಿಂಗಪ್ಪ.

ಬಾಯಾರಿಗೆ ತಿಳಿಯಲಿಲ್ಲ. ಅವನು ನವಿ ಪೇಠದ ರಿವಾಜನ್ನು ಬಿಡಿಸಿ ಹೇಳಿದ. ಮೂರು ಪೆಟ್ಟು, ಸಾಲಿಗೆ ಸಾಲು ಎಚ್ಚರಾಗುವುದು, ಚಿನ್ನದ ಬಣ್ಣದ ಚಷ್ಮಾದವನು. “ಪಳಗಿದ ಕಳ್ಳ ಮೊದಲ ಸೀರಿಗೆ ಕೈ ಹಾಕಂಗಿಲ್ರಿ. ಮೊದಲ ಗಜ ಕೇಳತಾನ. ಗಜ ಅವನ ಕೈಯಾಗ ಇದ್ದಷ್ಟ ಹೊತ್ತು ಅಂಗಡಿ ಬಡಿಯಂಗಿಲ್ಲ. ಕಾಸಿದಾಗ ಇದರ ಕೈ ಸತ್ತಿತ್ರಿ. ಮೈ ಇತ್ತು, ಗಜ ಇಸಕೊಳ್ಳೂ ಕೈ ಇರಲಿಲ್ಲ. ಅದಕ್ಕ ತತ್ತಿ ಬಡದ್ವು.”

ಬಾಯಾರು ಅವನನ್ನೇ ನೋಡಿದರು. ಅವರು ನಕ್ಕದ್ದನ್ನು ನಾಲ್ಕು ವರ್ಷದಲ್ಲಿ ಅವನು ಕಂಡದ್ದು ಅಂದೇ. “ಆ ಕೈ ಎಂಥಾದ್ದು ಅಂತ ಯಾವಾಗರ ಯಾರರ ಕಂಡು ಹಿಡೀತಾರ. ಹಿಡದಾಗ ನಿನ್ನ ಗಜ ನೆನಸ್ತೀನಿ,” ಅಂದರು. ನಗೆ ಇನ್ನೂ ಮುಖದಲ್ಲಿರುವಾಗಲೇ ಮತ್ತೆ ಕೇಳಿದರು: “ಅಲ್ಲೋ, ಗಜ ಹೋದ್ರ ಹೋತು. ಅವರು ಎದ್ದು ಹೋದಮ್ಯಾಗ ನಿನಗ ಬಾಯಿ ಇತ್ತಲ್ಲ? ಧರೆಪ್ಪಗ ಓಡಿ ಹೋಗಿ ಯಾಕ ಹೇಳಲಿಲ್ಲ?”

ಎಂಟು ವರ್ಷದಿಂದ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ. ಕಾಣಲಿಲ್ಲ ಎಂದು ಎಲ್ಲರೂ ತಾವೇ ತಿಳಿದುಕೊಂಡಿದ್ದರು. ಕಂಡಿತ್ತು. ಆ ಹೆಣ್ಣುಮಗಳು ಮೂರನೆಯ ಸೀರೆಯನ್ನು ಸೆರಗಿನೊಳಗೆ ಸೇರಿಸಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಗಜವನ್ನು ತಾನೇ ಕೈಯಾರೆ ಕೊಟ್ಟಿದ್ದೇನೆ ಎಂಬ ನಾಚಿಕೆಗೆ ಸುಮ್ಮನೆ ಕುಳಿತಿದ್ದ.

ಆ ವಾರ ಬಾಯಾರು ದಫ್ತರಿನಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆದು ಅವನಿಂದ ಸಹಿ ಹಾಕಿಸಿಕೊಂಡರು. ಅಮೋಗಸಿದ್ಧನ ಪತ್ರ ಹರಿದು ಬುಟ್ಟಿಗೆ ಹೋಯಿತು. ಕಾಯಂ ಮಾಡುವ ಕಾಗದ ಒಂದು ವರ್ಷ ಖಾನೆಯಲ್ಲೇ ಇರುತ್ತದೆ, ತಾವು ಎದುರಿಗಿಲ್ಲದೆ ಅವನು ಶೀಶೆ ಮುಟ್ಟುವಂತಿಲ್ಲ ಎಂದು ಹೇಳಿದರು. ಹೋಗು ಎಂದು ಮಾತ್ರ ಅನ್ನಲಿಲ್ಲ. ಹನ್ನೆರಡು ತತ್ತಿಗಳನ್ನು ಒಡೆಯಲೇಬೇಕಾಯಿತು. ಕೊನೆಯ ಸಲ ದೀಪಕ್ಕೆ ಹಿಡಿದವನು ಸಾತಲಿಂಗಪ್ಪನೇ, ಅವನಿಗೆ ಅಳು ಬಂತು. ಆ ತತ್ತಿಗಳ ನೀರನ್ನು ಬೇರೆ ತತ್ತಿಗಳಿಗೆ ಹಾಕಿ, ಆಮೇಲೆ ಜೀವಂತ ವೈರಸ್ ಬಿಟ್ಟಾಗ ಅವುಗಳಲ್ಲೂ ವೈರಸ್ ಸರಿಯಾಗಿ ಬೆಳೆಯಲಿಲ್ಲ. ಕೂಗು ನೀರಿನಲ್ಲೇ ಇತ್ತು. ನಳಿಕೆಯ ತಳದ ಗುಂಡಿಗಳನ್ನು ಇಬ್ಬರೂ ತಲೆಗೆ ತಲೆ ಹಚ್ಚಿ ನೋಡಿದರು.

ಅಂದು ಸಂಜೆ ಸಾತಲಿಂಗಪ್ಪ ನೇರ ಮನೆಗೆ ಹೋಗದೆ ನವಿ ಪೇಠಕ್ಕೆ ಬಂದ. ಎಂಟು ವರ್ಷದ ಮೇಲೆ ಅಂಗಡಿಯ ಮೆಟ್ಟಿಲು ಹತ್ತಿದ. ಮಲಕಾಜಪ್ಪ ಸೀರೆ ಮಡಚುತ್ತಿದ್ದ, ತಲೆ ಎತ್ತಲಿಲ್ಲ.

“ಅಣ್ಣಾ, ಆವತ್ತ ನಾ ನೋಡಿದ್ದೆ.”

“ಏನ ನೋಡಿದ್ದಿ?”

“ಆಕಿ ಸೀರಿ ಸೆರಗಿನಾಗ ಹಾಕ್ಕೊಂಡಿದ್ದು. ಗಜ ನಾನ ಕೊಟ್ಟಿದ್ನಲ್ಲ, ನಾಚಿಕಿ ಬಂದು ಸುಮ್ನ ಕುಂತೆ.”

ಮಲಕಾಜಪ್ಪ ಕೈಯಲ್ಲಿದ್ದ ಸೀರೆಯ ಮಡಿಕೆಯನ್ನು ಪೂರ್ತಿ ಮಾಡಿ ಬದಿಗಿಟ್ಟ ಮೇಲೆ ಮಾತಾಡಿದ.

“ನಮ್ಮವು ಮೂರು ಹೋದ್ವು. ಧರೆಪ್ಪನವು ಹನ್ನೊಂದು. ಅವನ ಮುಂದ ಹೇಳೀಯೇನು?”

“ಇಲ್ಲ.”

“ಮತ್ತ ನನ್ನ ಮುಂದ ಯಾಕ ನಿಂತಿ, ಸಾತ್ಯಾ?”

ಸಾತಲಿಂಗಪ್ಪ ಮೆಟ್ಟಿಲಿಳಿದ. ಎರಡು ಅಂಗಡಿ ದಾಟಿದರೆ ಧರೆಪ್ಪನದು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಕಬ್ಬಿಣ ಹಲಗೆಗೆ ಬಡಿದ ಸದ್ದು ಬಂತು. ಒಂದು, ಎರಡು, ಮೂರು, ಎಂಟು ವರ್ಷದ ಹಿಂದೆ ಬೀಳಬೇಕಿದ್ದ ಪೆಟ್ಟುಗಳು. ತಿರುಗಿ ನೋಡಿದರೆ ಅಣ್ಣ ಗಜ ಹಿಡಿದು ನಿಂತಿದ್ದ, ಮುಖದಲ್ಲಿ ನಗೆ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಮೂರು ಪೆಟ್ಟು ಬಿದ್ದವು, ಅದರ ಮುಂದಿನದರಲ್ಲಿ ಮೂರು. ಸಾಲಿನುದ್ದಕ್ಕೂ ವ್ಯಾಪಾರಿಗಳು ಸೀರೆ ಒಳಗೆಳೆದುಕೊಂಡು ಬಾಗಿಲಿಗೆ ಬಂದು, ಯಾರು ಬಂದರೆಂದು ಬೀದಿ ನೋಡಿದರು. ಬೀದಿಯಲ್ಲಿ ಸಾತಲಿಂಗಪ್ಪನೊಬ್ಬನೇ ಇದ್ದ.

ಧರೆಪ್ಪ ಹರವಿದ್ದನ್ನೆಲ್ಲ ಎದೆಗೆ ಅವುಚಿಕೊಂಡು ಹೊರಗೆ ಇಣುಕಿದ. “ಯಾರ ಬಂದಾರೋ?”

“ನಾನ್ರಿ, ಧರೆಪ್ಪಣ್ಣ,” ಅಂದ ಸಾತಲಿಂಗಪ್ಪ, ಚಪ್ಪಲಿ ಬಿಡುತ್ತ. “ಆವತ್ತಿಂದು ಒಂದು ಮಾತು ಹೇಳೂದು ಉಳದೈತ್ರಿ.”